ಸೂಜಿ ಮೊದಲೋ ಪೂಜೆ ಮೊದಲೋ

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗುವ ಮೊದಲೇ ನಾನು ಗಂಡನ ಮನೆಯಲ್ಲಿ ಕಳ್ಳಿಯಾಗಿದ್ದೆ. ಕದಿಯುತ್ತಿದ್ದದ್ದು ನೀರು. ಊರು ಭಾಲ್ಕಿ, ಆಳುತ್ತಿದ್ದವನು ಇನ್ನೂ ನಿಜಾಮ, ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ನಮ್ಮದು ಲಿಂಗವಂತರ ಮನೆ. ಮುಂಜಾನೆ ಎದ್ದು ಮಿಂದು, ಕೊರಳಿಗೆ ಕಟ್ಟಿದ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುವ ತನಕ ಹನಿ ನೀರೂ ಬಾಯಿಗೆ ಹೋಗುವಂತಿಲ್ಲ. ಗುರುಗಳು ಲಿಂಗ ಕಟ್ಟಿದ ದಿನದಿಂದ ನಾನು ಆ ನೇಮ ತಪ್ಪಿದವಳಲ್ಲ. ಆದರೆ ಆ ವರ್ಷ ಬೇಸಿಗೆ ಮುಗಿದರೂ ನನ್ನ ನೀರಡಿಕೆ ಮುಗಿಯಲಿಲ್ಲ. ಎದ್ದವಳೇ ಗಡಿಗೆಯ ಮೂಲೆಗೆ ಹೋಗಿ, ಸದ್ದಾಗದಂತೆ ತಂಬಿಗೆಗೆ ಸೆರಗು ಸುತ್ತಿ ಮುಳುಗಿಸಿ, ಗಟಗಟನೆ ಕುಡಿದುಬಿಡುತ್ತಿದ್ದೆ. ಕುಡಿದ ಮೇಲೆ ಅಳು ಬರುತ್ತಿತ್ತು. ಅಳು ನಿಲ್ಲುವಷ್ಟರಲ್ಲಿ ಮತ್ತೆ ಬಾಯಿ ಒಣಗಿರುತ್ತಿತ್ತು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಮೊನ್ನೆ ನನ್ನ ಹತ್ತಿರ ಶಾಲೆ ಕಲಿತ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಅಳುತ್ತ ಬಂದಳು. ಅವಳಿಗೂ ಸೂಜಿ ಹೇಳಿದ್ದಾರೆ. "ಟೀಚರ್ ಬಾಯಿ, ನಿಮಗೂ ಇದೇ ರೋಗ ಅಂತಲ್ರಿ, ನೀವು ಹ್ಯಾಂಗ ಬದುಕಿದ್ರಿ?" ಎಂದು ಕೇಳಿದಳು. ನಾನು ಹೇಗೆ ಬದುಕಿದೆ ಎನ್ನುವುದು ನನಗೆ ಇಷ್ಟವಾದ ಪ್ರಶ್ನೆಯಲ್ಲ. ಆದರೂ ಅವಳಿಗೆ ಹೇಳಿದೆ. ಹೇಳಿದ ಮೇಲೆ, ಬರೆದಿಟ್ಟರೆ ಇನ್ನೊಬ್ಬಳಿಗೂ ಬೇಕಾದೀತು ಅನಿಸಿತು.

ಕಳ್ಳತನ ಬಹಳ ದಿನ ನಡೆಯಲಿಲ್ಲ. ಒಂದು ಮುಂಜಾನೆ ತಂಬಿಗೆ ಕೆಳಗಿಡುವಾಗ ಹಿಂದೆ ಅತ್ತೆ ನಿಂತಿದ್ದರು. ಅತ್ತೆಯ ಹೆಸರು ಗುರಮ್ಮ. ಗಂಡ ತೀರಿದ ಮೇಲೆ ಹೊಲ, ದನ, ಮಗ ಎಲ್ಲವನ್ನೂ ಒಬ್ಬರೇ ಸಾಗಿಸಿದವರು. ಅವರ ನಾಲಿಗೆಗೆ ಹೆದರದವರು ಓಣಿಯಲ್ಲಿ ಇರಲಿಲ್ಲ.

"ಪೂಜಿ ಆಗ್ಯಾದೇನ?"

"ಇಲ್ರಿ ಅತ್ತಿ."

"ಮತ್ತ ನೀರು?"

"ತಡ್ಕೊಳ್ಲಾಕ ಆಗ್ಲಿಲ್ರಿ."

"ಉಪ್ಪು ತಿಂದವ್ರು ನೀರ್ ಕುಡಿತಾರ. ನೀ ಏನ್ ಉಪ್ಪಿನ ಗುಡ್ಡಾನೇ ತಿಂದೀಯೇನ್?"

ಅಂದಿನಿಂದ ಅವರ ಮಟ್ಟಿಗೆ ನನ್ನ ರೋಗಕ್ಕೆ ಕಾರಣ ಸಿಕ್ಕಿತು. ಪೂಜೆಗೆ ಮುಂಚೆ ನೀರು ಕುಡಿದದ್ದಕ್ಕೇ ಸೊಸೆ ಸೊರಗುತ್ತಿದ್ದಾಳೆ. ನಾನೂ ಹಾಗೆಯೇ ನಂಬಿದೆ. ನೀರು ಕುಡಿದದ್ದರಿಂದ ರೋಗ ಬಂತೋ, ರೋಗ ಬಂದದ್ದರಿಂದ ನೀರು ಕುಡಿದೆನೋ ಎಂದು ಯೋಚಿಸುವ ಬುದ್ಧಿ ಆಗ ಇರಲಿಲ್ಲ. ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಎರಡು ರೊಟ್ಟಿ ಉಣ್ಣುವವಳು ಐದು ಉಂಡರೂ ಹಸಿವು. ಎಲ್ಲಕ್ಕಿಂತ ದೊಡ್ಡ ಕಷ್ಟ ಹೇಳಲು ಈಗಲೂ ನಾಚಿಕೆ. ಆ ಕಾಲದಲ್ಲಿ ಹೆಂಗಸರು ಬಯಲಿಗೆ ಹೋಗುವುದು ನಸುಕಿನಲ್ಲಿ ಒಮ್ಮೆ, ಮುಸ್ಸಂಜೆಯಲ್ಲಿ ಒಮ್ಮೆ. ನಡುವೆ ಹಗಲಿಡೀ ನಾನು ತೊಡೆ ಬಿಗಿದುಕೊಂಡು ಕೂತಿರುತ್ತಿದ್ದೆ. ಸಕ್ಕರೆ ಕಾಯಿಲೆಯ ಬಗ್ಗೆ ಯಾರೇನೇ ಹೇಳಲಿ, ನನಗೆ ಮೊದಲು ನೆನಪಾಗುವುದು ಆ ಹಗಲುಗಳು.

ಬೆನ್ನಿನ ಮೇಲೊಂದು ಕುರು ಎದ್ದು ತಿಂಗಳಾದರೂ ಮಾಯಲಿಲ್ಲ. ಆಗ ನಮ್ಮವರು ನನ್ನನ್ನು ಬೀದರಕ್ಕೆ ರೈಲಿನಲ್ಲಿ ಕರೆದುಕೊಂಡು ಹೋದರು. ಅವರು ತೊಗರಿ ವ್ಯಾಪಾರದ ಮೇಲೆ ಬೀದರದ ಗಂಜ್ ಮಾರುಕಟ್ಟೆಗೆ ಹೋಗಿ ಬರುತ್ತಿದ್ದವರು. ದವಾಖಾನೆಯ ದಾರಿ ಗೊತ್ತಿತ್ತು. ಅತ್ತೆ "ನಾನೂ ಬರ್ತೇನಿ" ಎಂದು ಹೊರಟರು. ಡಾಕ್ಟರನ ಮುಂದೆ ಸೊಸೆ ಸುಳ್ಳು ಹೇಳಿದರೆ ಹಿಡಿಯಬೇಕಲ್ಲ!

ದವಾಖಾನೆಯ ಹೆಂಗಸರ ಕಡೆ ಒಂದು ಪರದೆ. ಪರದೆಯ ಈಚೆ ಕಲ್ಲಿನ ಕಟ್ಟೆ, ಕಟ್ಟೆಯ ತುಂಬ ನರಳುವವರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕೂತೆವು. ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಸುರಾಯಿಯಲ್ಲಿ ನೀರು ತಂದಿದ್ದಳು. ನನ್ನ ತುಟಿ ನೋಡಿಯೇ ಕಟೋರಿಯಲ್ಲಿ ನೀರು ಕೊಟ್ಟಳು. ಕುಡಿದೆ. ಮತ್ತೊಂದು ಕೊಟ್ಟಳು. ಅದನ್ನೂ ಕುಡಿದೆ. ಅತ್ತೆ ನೋಡುತ್ತಿದ್ದರು. ಮೂರನೆಯದನ್ನು ಕೊಡುವಾಗ ಅವಳೇ ಅತ್ತೆಗೆ ಹೇಳಿದಳು, "ಅಮ್ಮಾ, ಇಕಿಗಿ ಬೈಬ್ಯಾಡ್ರಿ. ನಮ್ಮ ಅಪಾಗೂ ಹಿಂಗೇ ಇತ್ತು." ಆ ಅಪಾ, ಅಂದರೆ ಅವಳ ಅಕ್ಕ, ಎಲ್ಲಿದ್ದಾಳೆಂದು ನಾನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಡಾಕ್ಟರರು ಉರ್ದುವಿನಲ್ಲಿ ಮಾತಾಡುವವರು, ನನ್ನತ್ತ ನೋಡದೆ ನಮ್ಮವರನ್ನೇ ಕೇಳುತ್ತಿದ್ದರು. ನನಗೆ ತಿಳಿಯುವಂತೆ ಹೇಳಿದವರು ಕಂಪೌಂಡರ್ ಇಸ್ಮಾಯಿಲ್ ಸಾಹೇಬರು. ಬಿಳಿ ಗಡ್ಡ, ಕೈತುಂಬ ಔಷಧದ ಕಲೆ. ನನ್ನ ಮೂತ್ರದ ನಾಲ್ಕು ಹನಿಯನ್ನು ನೀಲಿ ಔಷಧಕ್ಕೆ ಹಾಕಿ, ಗಾಜಿನ ನಳಿಗೆಯನ್ನು ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹೋಗಿ ಹಸಿರಾಯಿತು, ಹಸಿರು ಹೋಗಿ ಹಳದಿ, ಕಡೆಗೆ ಬೀದರದ ಕೆಂಪುಗಲ್ಲಿನ ಬಣ್ಣಕ್ಕೆ ಬಂದು ನಿಂತಿತು. ಸಾಹೇಬರು ನಳಿಗೆಯನ್ನು ಬೆಳಕಿಗೆ ಹಿಡಿದು ನಾಲಿಗೆಯಿಂದ ಚ್ಚು ಎಂದರು.

"ಶಕ್ಕರ್ ಅದಾ ಬಾಯಿ. ಭಾಳ ಅದಾ."

ಎಷ್ಟು ದಿನಕ್ಕೆ ಹೋಗುತ್ತದೆ ಎಂದು ನಮ್ಮವರು ಕೇಳಿದರು. ಡಾಕ್ಟರರು ಏನೋ ಎಂದರು. ಸಾಹೇಬರು ಅದನ್ನು ಕನ್ನಡಕ್ಕೆ ತರಲು ಹೊತ್ತು ತೆಗೆದುಕೊಂಡರು.

"ಹೋಗಂಗಿಲ್ಲ. ಇರ್ತಾದ. ನೀವೂ ಇರ್ತೀರಿ. ಇಬ್ರೂ ಕೂಡೇ ಇರ್ಲಾಕ ಕಲಿಬೇಕು."

ಅತ್ತೆ ಕೂಡಲೇ ಬಾಯಿ ಬಿಟ್ಟರು. "ಊರಾಗ ಮಂದಿಗಿ ರೇಶನ್ ಸಕ್ಕರಿ ಸಿಗವಲ್ದು. ನಮ್ಮ ಸೊಸಿ ಮೈತುಂಬ ಸಕ್ಕರಿ ಇಟ್ಕೊಂಡು ಕುಂತಾಳ ನೋಡ್ರಿ!" ಸಾಹೇಬರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಬಿಕ್ಕಿದೆ. ಅತ್ತೆ ನನ್ನ ಬೆನ್ನ ಮೇಲೆ, ಕುರು ಇಲ್ಲದ ಕಡೆ, ಕೈ ಇಟ್ಟರು. ಮದುವೆಯಾಗಿ ಬಂದ ಮೇಲೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು ಇರಬೇಕು.

ದಿನಕ್ಕೆ ಎರಡು ಸೂಜಿ, ಮುಂಜಾನೆ ಒಂದು, ಸಂಜೆ ಒಂದು. ಚುಚ್ಚಲು ಕಲಿಸುವುದಕ್ಕೆ ಸಾಹೇಬರು ಒಂದು ಬದನೆಕಾಯಿ ತರಿಸಿದರು. ನಮ್ಮವರು ಸೂಜಿಯನ್ನು ಬದನೆಕಾಯಿಯ ಹತ್ತಿರ ತಂದು ಕಣ್ಣು ಮುಚ್ಚಿಕೊಂಡರು. "ಕೊಡ್ರಿ ಇಲ್ಲಿ" ಎಂದು ಕಸಿದುಕೊಂಡು ನಾನೇ ಚುಚ್ಚಿದೆ. ಸಾಹೇಬರು ಶಹಭಾಷ್ ಎಂದರು. ಆಮೇಲೆ ಮುಖ ಗಂಭೀರ ಮಾಡಿ, ಅತ್ತೆಯನ್ನೂ ಹತ್ತಿರ ಕರೆದು, ಮೂರು ಸಲ ಒಂದೇ ಮಾತು ಹೇಳಿದರು.

"ಸೂಜಿ ಹಾಕ್ಕೊಂಡಿ ಅಂದ್ರ ಅರ್ಧಾ ತಾಸಿನ್ಯಾಗ ಖಾನಾ ಆಗ್ಬೇಕು. ದೇವ್ರೇ ಬಂದು ಬಾಗಿಲ್ದಾಗ ನಿಂತ್ರೂ, ಜರಾ ಠೈರ್ರಿ ಅನ್ನು, ರೊಟ್ಟಿ ತಿನ್ನು. ಬೆವರು ಬಂದು ಕೈ ನಡುಗ್ಲಾಕ ಹತ್ತಿತಂದ್ರ ಬೆಲ್ಲ. ಬೆಲ್ಲ ಸೆರಗಿನ್ಯಾಗೇ ಇರ್ಬೇಕು. ಇಲ್ಲಾಂದ್ರ ಖಲಾಸ್."

ನಾವು ಮನೆಗೆ ಬಂದು ಒಂದು ಕ್ರಮ ಮಾಡಿಕೊಂಡೆವು. ಮೊದಲು ಪೂಜೆ, ಆಮೇಲೆ ಸೂಜಿ, ಆಮೇಲೆ ರೊಟ್ಟಿ. ಹೀಗಿದ್ದರೆ ದೇವರೂ ಉಳಿಯುತ್ತಾನೆ, ಸಾಹೇಬರ ಮಾತೂ ಉಳಿಯುತ್ತದೆ. ಔಷಧದ ಶೀಸೆಯನ್ನು ಹಸಿ ಮರಳಿನ ಗಡಿಗೆಯಲ್ಲಿ ಹೂಳಿ ಇಡುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿಗೆ ಮಸೆದು ಕುದಿಸುತ್ತಿದ್ದೆ. ನಾನು ತೊಡೆಗೆ ಚುಚ್ಚಿಕೊಳ್ಳುವಾಗ ಅತ್ತೆ ಗೋಡೆಯತ್ತ ಮುಖ ಮಾಡಿ ನಿಲ್ಲುತ್ತಿದ್ದರು. ಕೈಯಲ್ಲಿ ಬಿಸಿ ರೊಟ್ಟಿ ತಯಾರಿರುತ್ತಿತ್ತು. "ಆತಾ? ಹೂಂ, ತಿನ್ನು." ನೀರಿನ ಕಳ್ಳತನದ ಮಾತು ಮತ್ತೆ ಒಂದೇ ಸಲ ಬಂತು. "ಅದು ನೀ ಕುಡದಿದ್ದಲ್ಲ, ರೋಗ ಕುಡದಿದ್ದು" ಎಂದರು. ಗುರಮ್ಮನವರ ಬಾಯಲ್ಲಿ ತಪ್ಪೊಪ್ಪಿಗೆ ಎಂದರೆ ಅಷ್ಟೇ.

ಮೈ ತುಂಬಿಕೊಂಡಿತು. ಆದರೆ ಹೆದರಿಕೆ ಹೋಗಲಿಲ್ಲ. ಊರವರು ನನ್ನ ಎಂಜಲು ತಂಬಿಗೆ ಮುಟ್ಟುತ್ತಿರಲಿಲ್ಲ. ದೂರದ ನೆಂಟನೊಬ್ಬ ಅಂಗಳದಲ್ಲಿ ಕೂತು, ಇವಳಿಗೆ ಮಕ್ಕಳಾಗುವುದು ಅನುಮಾನ, ಮಗನಿಗೆ ಇನ್ನೊಂದು ನೋಡಿ ಎಂದ. ನಾನು ಒಳಗೆ ಬೀಸುವ ಕಲ್ಲಿನ ಮುಂದೆ ಕೈ ನಿಲ್ಲಿಸಿ ಕೂತೆ. ಅತ್ತೆ ಅವನಿಗೆ ಕೊಟ್ಟ ಉತ್ತರ ಹೀಗಿತ್ತು: "ಒಬ್ಬಾಕಿಗಿ ಹೊತ್ತಿಗಿ ಸರಿ ಉಣಸ್ಲಾಕೇ ನನ್ನ ಜೀವ ಹೋಗ್ಲತ್ತದ. ಇನ್ನೊಬ್ಬಾಕಿನ ತಂದು ಏನ್ ಮಾಡ್ಲಿ? ಚಹಾ ಕುಡ್ದಿ, ಎದ್ದು ಹೋಗು."

ಅಷ್ಟರಲ್ಲಿ ಕಾಲ ಕೆಟ್ಟಿತು. ನಿಜಾಮನ ಕಡೆಯ ರಜಾಕಾರರ ಹಾವಳಿಯ ಬಗ್ಗೆ ನಾನು ಹೊಸದಾಗಿ ಹೇಳಬೇಕಿಲ್ಲ. ನಮ್ಮ ಕಡೆ ಪ್ರತಿ ಮನೆಗೂ ಅದರದೊಂದು ಕಥೆ ಇದೆ. ನಮ್ಮವರ ಹೆಸರು ರಜಾಕಾರರ ಬಾಯಿಗೆ ಬಂದಿದೆಯೆಂದು ಸುದ್ದಿ ಸಿಕ್ಕಿ, ಅವರು ಗಡಿ ದಾಟಿ ಹೋರಾಟಗಾರರ ಶಿಬಿರಕ್ಕೆ ಹೋಗಿಬಿಟ್ಟರು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಹೊರಗಿನ ಸರಕು ಬರುವುದು ನಿಂತು ಔಷಧಕ್ಕೆ ಬರ ಬಿತ್ತು. ಕಡೆಯ ಸಲ ಬೀದರಕ್ಕೆ ಹೋದಾಗ ಇಸ್ಮಾಯಿಲ್ ಸಾಹೇಬರು ಕಪಾಟಿನ ಹಿಂದಿನಿಂದ ಎರಡು ಶೀಸೆ ತೆಗೆದುಕೊಟ್ಟರು. "ಇವೇ ಉಳದಾವ. ಸಂಜಿದು ಬಿಡು. ಮುಂಜಾನಿದು ಮಾತ್ರ ಬಿಡಬ್ಯಾಡ ಬೇಟಿ" ಎಂದರು. ಅಷ್ಟು ದಿನ ಬಾಯಿ ಎನ್ನುತ್ತಿದ್ದವರು ಅಂದು ಬೇಟಿ ಎಂದರು.

ಭಾದ್ರಪದ ಬಂತು. ಆಕಾಶದಲ್ಲಿ ವಿಮಾನಗಳು ಬೀದರದ ಕಡೆಗೆ ಹೋಗುವುದು ಕಾಣತೊಡಗಿತು. ಹಿಂದುಸ್ತಾನದ ಫೌಜು ಒಳಗೆ ಬಂದಿದೆ ಎಂದರು, ಓಡುವ ರಜಾಕಾರರು ದಾರಿಯ ಊರುಗಳನ್ನು ಬಿಡುವುದಿಲ್ಲ ಎಂದೂ ಅಂದರು. ನನ್ನ ತವರು ಔರಾದ ಕಡೆಯ ಎಕಂಬಾ. ಅಲ್ಲಿಂದ ನಮ್ಮಣ್ಣ ಶರಣಪ್ಪ ನಮ್ಮನ್ನು ಕರೆದೊಯ್ಯಲು ಬಂದ. ಮಾಂಜರಾ ಹೊಳೆ ತುಂಬಿತ್ತು. ಬಂಡಿಯನ್ನು ಹೊಳೆಯಾಚೆ ಬಿಟ್ಟು ದೋಣಿಯಲ್ಲಿ ದಾಟಿ ಬಂದಿದ್ದ. ಬೀಗರ ಮನೆಗೆ ಹೋಗಿ ಕೂರುವುದೆಂದರೆ ಅತ್ತೆಗೆ ಜೀವ ಹೋದಂತೆ. "ನಾ ಇಲ್ಲೇ ಸಾಯ್ತೇನಿ, ನೀವು ಹೋಗ್ರಿ" ಎಂದು ಹಟ ಹಿಡಿದರು. ಅಣ್ಣ ಕೈ ಮುಗಿದ. ಕಡೆಗೆ "ಇಕಿಗಿ ಹೊತ್ತಿಗಿ ಯಾರ್ ಉಣಸ್ತಾರ" ಎಂದುಕೊಂಡು ತಾವೇ ಗಂಟು ಕಟ್ಟಿದರು.

ಹೊರಡುವ ಮುಂಚೆ ಮನೆಯ ಬೆಳ್ಳಿಯನ್ನೆಲ್ಲ ನೆಲದಲ್ಲಿ ಹೂಳಿದೆವು. ಲಿಂಗ ಇಡುವ ಕರಡಿಗೆಗಳೂ ಬೆಳ್ಳಿಯವೇ. ದಾರಿಯಲ್ಲಿ ಕೊರಳಿಗೆ ಕೈ ಹಾಕಿ ಕರಡಿಗೆ ಕಿತ್ತರೆ ಲಿಂಗವೂ ಹೋದೀತೆಂಬ ಅಂಜಿಕೆ. ಆದ್ದರಿಂದ ಕರಡಿಗೆ ಬಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡೆವು. ಅತ್ತೆಯ ಗಂಟನ್ನು ಅತ್ತೆ ಹಾಕಿಕೊಂಡರು. ನನ್ನದನ್ನು ನಾನು ಹಾಕಿಕೊಂಡೆ. ಇದನ್ನು ಬರೆಯುವಾಗಲೂ ನನ್ನ ಬೆರಳಿನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆ ರಾತ್ರಿ ಹೊಳೆಯ ಈಚೆ ದಂಡೆಯ ಗುಡಿಯಲ್ಲಿ ಉಳಿದೆವು. ಮುಂಜಾನೆ ಅತ್ತೆ ಬೇಗ ಎದ್ದು ಪೂಜೆ ಮುಗಿಸಿದರು. ನನಗೆ ನಿಶ್ಶಕ್ತಿ, ಏಳುವುದು ತಡವಾಯಿತು. ಮೂರು ಕಲ್ಲು ಹೂಡಿ ಸೂಜಿ ಕುದಿಸುವಷ್ಟರಲ್ಲಿ ದೋಣಿಯವನು ಕೂಗಿದ: ನೀರು ಏರುತ್ತಿದೆ, ಈಗ ಬಂದರೆ ಬಂದಿರಿ, ಇಲ್ಲವಾದರೆ ಇಂದು ದೋಣಿ ಇಲ್ಲ. ಕುದಿಸಿದ ಸೂಜಿ ಕೈಯಲ್ಲಿತ್ತು. ಆಚೆ ದಂಡೆ ಕಣ್ಣಿಗೆ ಕಾಣುತ್ತಿತ್ತು. ಹೊಳೆ ದಾಟುವುದೆಷ್ಟು ಹೊತ್ತು? ಅಲ್ಲೇ ಮಿಂದು ಪೂಜೆ ಮಾಡಿ ಬುತ್ತಿ ಬಿಚ್ಚಿದರಾಯಿತು. "ಚುಚ್ಕೊಂಡೇ ಬಿಡ್ತೇನ್ರಿ ಅತ್ತಿ" ಎಂದೆ. ಅವರು ಒಂದು ಗಳಿಗೆ ಯೋಚಿಸಿ ಹೂಂ ಎಂದರು. ಆ ಒಂದು ದಿನ ಸೂಜಿ ಮೊದಲಾಯಿತು, ಪೂಜೆ ಆಮೇಲೆ ಉಳಿಯಿತು.

ದೋಣಿಯ ತುಂಬ ಜನ, ಗಂಟು, ಕೋಳಿ, ಅಳುವ ಕೂಸುಗಳು. ನಡುಹೊಳೆಯಲ್ಲಿ ಸೆಳವು ಹಿಡಿದು ಕೆಳಗೆ ಕೆಳಗೆ ಒಯ್ದಿತು. ಅರ್ಧ ತಾಸು ಯಾವಾಗಲೋ ಕಳೆಯಿತು. ಕಡೆಗೆ ದಂಡೆ ಸಿಕ್ಕಾಗ ಎಲ್ಲರೂ ಒಮ್ಮೆಲೇ ಮೊಣಕಾಲುದ್ದ ನೀರಿಗೆ ಧುಮುಕಿದರು. ಯಾರದೋ ಕೈ ನನ್ನ ಸೆರಗನ್ನು ಹಿಡಿದು ಜಗ್ಗಿತು, ಯಾರದೋ ಗಂಟು ಎದೆಗೆ ಬಡಿಯಿತು. ಮರಳಿನ ಮೇಲೆ ಬಂದು ಕೂತು, ಕೈ ತೊಳೆದು, ಕೊರಳಿಗೆ ಕೈ ಹಾಕಿದೆ. ದಾರ ಇತ್ತು. ದಾರದ ತುದಿಯಲ್ಲಿ ಬಟ್ಟೆ ಬಿಚ್ಚಿಕೊಂಡು ಒದ್ದೆಯಾಗಿ ಜೋತಾಡುತ್ತಿತ್ತು. ಲಿಂಗ ಇರಲಿಲ್ಲ.

ಅಣ್ಣ ನೀರಿಗೆ ಇಳಿದು ಹುಡುಕಿದ. ಕೆಂಪು ನೀರಿನಲ್ಲಿ, ಆ ಸೆಳವಿನಲ್ಲಿ, ನೇರಳೆ ಹಣ್ಣಿನಷ್ಟರ ಕರಿ ಲಿಂಗ ಸಿಗುತ್ತದೆಯೇ? ನನ್ನ ಹಣೆಯಲ್ಲಿ ಬೆವರು ಒಡೆಯಿತು. ತುಟಿ ಜುಮ್ಮೆಂದಿತು. ಬುತ್ತಿ ಮಡಿಲಲ್ಲೇ ಇತ್ತು, ಬೆಲ್ಲ ಸೆರಗಿನ ತುದಿಯಲ್ಲೇ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಲಿಂಗ ಕಳೆದುಕೊಂಡವರು ಗುರುಗಳಿಂದ ಮರಳಿ ಪಡೆಯುವವರೆಗೆ ಅನ್ನ ನೀರು ಮುಟ್ಟಬಾರದು. ಇದು ನನಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

"ಬಾಯಿ ತೆರಿ" ಎಂದರು ಅತ್ತೆ. ಬೆಲ್ಲ ಅವರ ಕೈಯಲ್ಲಿತ್ತು.

ನಾನು ತಲೆ ಅಲ್ಲಾಡಿಸಿದೆ.

"ಸಂಗಮ್ಮ, ಸಾಯ್ತಿ. ಬಾಯಿ ತೆರಿ!"

ನಾನು ಹಲ್ಲು ಬಿಗಿದೆ. ಯಾರೂ ನನ್ನನ್ನು ತಡೆದಿರಲಿಲ್ಲ ಎಂಬುದನ್ನು ಓದುವವರು ಗಮನಿಸಬೇಕು. ಅತ್ತೆ ತಿನ್ನು ಎಂದರು, ಅಣ್ಣ ತಿನ್ನು ಎಂದ. ತಿನ್ನದವಳು ನಾನು. ನೀರಿನ ಕಳ್ಳಿ ಎನಿಸಿಕೊಂಡಿದ್ದೆನಲ್ಲ, ಇನ್ನೊಮ್ಮೆ ಅನಿಸಿಕೊಳ್ಳಬಾರದು ಎಂಬ ಹಟ. ಕೈಗಳು ಕುಣಿಯುತ್ತಿದ್ದವು. ಅತ್ತೆಯ ಮುಖ ಎರಡೆರಡಾಗಿ ಕಾಣುತ್ತಿತ್ತು.

ಅತ್ತೆ ತಮ್ಮ ಕೊರಳಿನ ಗಂಟು ಬಿಚ್ಚಿದರು. ತಮ್ಮ ಲಿಂಗವನ್ನು ತೆಗೆದು ನನ್ನ ಎಡ ಅಂಗೈ ಮೇಲೆ ಇಟ್ಟರು. ಬೊಗಸೆಯಲ್ಲಿ ಹೊಳೆಯ ನೀರು ತಂದು ಸುರಿದರು, ತಮ್ಮ ಹಣೆಯ ವಿಭೂತಿಯನ್ನೇ ಬೆರಳಿನಿಂದ ತೀಡಿ ಅದಕ್ಕೆ ಹಚ್ಚಿದರು. "ಆತು ಪೂಜಿ. ಇದು ಇನ್ನ ನಿಂದು. ಈಗ ನುಂಗು." ಬೆಲ್ಲ ಬಾಯಿಗೆ ಬಂತು. ಅದರಲ್ಲಿ ಮರಳು ಸೇರಿತ್ತು. ಅರೆಪ್ರಜ್ಞೆಯಲ್ಲೇ ಅಗಿದೆ. ಒಂದು ರೊಟ್ಟಿ ಹೊಟ್ಟೆಗೆ ಹೋದ ಮೇಲೆ ಕಣ್ಣು ತಿಳಿಯಾಯಿತು. ತಿಳಿಯಾದ ಮೇಲೆ ಅತ್ತೆಯ ಬರಿಗೊರಳು ಕಂಡಿತು.

"ನೀವು ಉಣ್ರಿ ಅತ್ತಿ" ಎಂದೆ. ಅವರಿನ್ನೂ ಬುತ್ತಿ ಮುಟ್ಟಿರಲಿಲ್ಲ, ನನ್ನ ಜೊತೆ ಉಣ್ಣಬೇಕೆಂದು ಕಾದಿದ್ದರು.

"ನಂದೇನ್ ಅವಸರ" ಎಂದರು.

ಬಂಡಿಯಲ್ಲಿ ಠಾಣಾ ಕುಶನೂರ ದಾಟಿ ಮರುದಿನ ಎಕಂಬಾ ಸೇರಿದೆವು. ಅಷ್ಟು ದೂರವೂ ಅವರು ನೀರು ಮುಟ್ಟಲಿಲ್ಲ. ತವರಿನಲ್ಲಿ ಗುರುಗಳು ಸಿಗುತ್ತಾರೆ, ಹೊಸ ಲಿಂಗ ಕಟ್ಟುತ್ತಾರೆ ಎಂದು ನಂಬಿದ್ದೆ. ಆದರೆ ಊರಿನ ಗುರುಗಳಾದ ಅಯ್ಯನವರು ಜೀವದ ಭಯಕ್ಕೆ ಊರು ಬಿಟ್ಟು ವಾರವಾಗಿತ್ತು. ಅಣ್ಣ ಔರಾದ ಕಡೆ ಹುಡುಕಲು ಹೋದ. ದಾರಿಗಳಲ್ಲಿ ಗುಂಡಿನ ಸದ್ದು, ಯಾರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಬರಿಗೈಯಲ್ಲಿ ಬಂದ, ಮತ್ತೆ ಹೋದ.

ನಾನು ಲಿಂಗವನ್ನು ಅತ್ತೆಯ ಮುಂದೆ ಹಿಡಿದೆ. "ನಿಮ್ಮದು ನೀವು ತಗೊಳ್ರಿ."

"ನಾಳಿ ಮುಂಜಾನಿ ಸೂಜಿ ಚುಚ್ಕೊಂಡಾಗ ಏನ್ ಮಾಡ್ತಿ?"

"ಇಬ್ರೂ ಇದ್ರಾಗೇ ಪೂಜಿ ಮಾಡಮ್ರಿ. ಮೊದಲ್ ನೀವು, ಆಮೇಲೆ ನಾ."

ಅವರು ಸಣ್ಣಗೆ ನಕ್ಕರು. "ಇಬ್ರಿಗಿ ಒಬ್ಬ ಗಂಡ ಇದ್ದಿದ್ದು ನೋಡೇನಿ. ಇಬ್ರಿಗಿ ಒಂದು ಲಿಂಗ ಇದ್ದಿದ್ದು ನೋಡಿಲ್ಲ. ಹೊತ್ತಿಗಿ ಸರಿ ಉಣಬೇಕಾದಾಕಿ ನೀ. ಅದು ನಿನ್ನ ಹಂತೇಲೇ ಇರ್ಲಿ."

"ಹಂಗಾದ್ರ ನಾ ನಾಳಿಂದ ಸೂಜಿ ಬಿಡ್ತೇನಿ."

"ಬಿಡು. ನಾ ವಾಪಸ್ ಹೋಗಿ ಮಾಂಜರಾಕ್ಕ ಬೀಳ್ತೇನಿ."

ಅವರು ಬೀಳುವವರೇ. ನನಗೆ ಅವರ ಮಾತಿನ ಬೆಲೆ ಗೊತ್ತಿತ್ತು. ನಮ್ಮವ್ವ ಬೇಡಿಕೊಂಡಳು, ಮಣ್ಣಿನ ಲಿಂಗವಾದರೂ ಮಾಡಿ ಪೂಜಿಸಿ ನೀರು ಕುಡಿಯಿರಿ ಬೀಗತಿ ಎಂದಳು. "ಗುರು ಕೊಟ್ಟದ್ದು ಲಿಂಗ. ನಾ ಮಾಡ್ಕೊಂಡಿದ್ದು ಮಣ್ಣು" ಎಂದರು ಅತ್ತೆ. ಅಲ್ಲಿಗೆ ಮಾತು ಮುಗಿಯಿತು.

ಮುಂದಿನ ದಿನಗಳಲ್ಲಿ ನಾನು ಏನು ಮಾಡಿದೆನೆಂದು ನೇರವಾಗಿ ಹೇಳುತ್ತೇನೆ. ಪ್ರತಿ ಮುಂಜಾನೆ ಅವರ ಲಿಂಗವನ್ನು ಪೂಜಿಸಿದೆ, ಸೂಜಿ ಚುಚ್ಚಿಕೊಂಡೆ, ಅವರ ಎದುರಿಗೆ ಕೂತು ರೊಟ್ಟಿ ತಿಂದೆ. ಎದುರಿಗೇ ತಿನ್ನಬೇಕು ಎಂದು ಅವರೇ ಹಟ ಮಾಡಿದ್ದರು. ಕಣ್ಮರೆಯಾದರೆ ತಿನ್ನದೆ ಚೆಲ್ಲುತ್ತೇನೆಂಬ ಅನುಮಾನ. ಅವರ ತುಟಿ ಸೀಳಿತ್ತು. ನಾಲಿಗೆ ದಪ್ಪವಾಗಿ ಮಾತು ತೊದಲುತ್ತಿತ್ತು. ಬಾಯಿ ಒಣಗುವುದೆಂದರೆ ಏನೆಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ನೀರಿಗಾಗಿ ಕಳ್ಳಿಯಾದವಳು ನಾನು. ಅವರು ಗಡಿಗೆಯ ಪಕ್ಕದಲ್ಲೇ ಮಲಗಿ ಅದರತ್ತ ನೋಡಲಿಲ್ಲ. ಮೂರನೆಯ ದಿನ "ಉಪ್ಪು ಸಾಕಾಗ್ಯಾದೇನ್ ಪಲ್ಯಾಕ?" ಎಂದು ಕೇಳಿದರು. ಸಾಕಾಗಿದೆ ಎಂದೆ. ನನಗೆ ರುಚಿ ಎನ್ನುವುದೇ ಗೊತ್ತಾಗುತ್ತಿರಲಿಲ್ಲ.

ಲಿಂಗವನ್ನು ಅವರ ಕೊರಳಿಗೆ ಕಟ್ಟಿ, ನಾನು ಪೂಜೆಯಿಲ್ಲದೆಯೇ ಉಂಡುಬಿಟ್ಟರೆ? ಈ ಯೋಚನೆ ಎರಡನೆಯ ದಿನವೇ ಬಂದಿತ್ತು. ಬಂದದ್ದನ್ನು ತಳ್ಳಿಬಿಟ್ಟೆ. ದೇವರಿಗೆ ಹೆದರಿದೆನೆಂದು ಹೇಳಿಕೊಳ್ಳಬಹುದಿತ್ತು, ಆದರೆ ಅದು ಸುಳ್ಳು. ಪಡಸಾಲೆಯಲ್ಲಿ ಸುದ್ದಿ ಕೇಳಲು ಬಂದು ಕೂತಿದ್ದ ಊರ ಹೆಂಗಸರಿಗೆ ಹೆದರಿದೆ. ಲಿಂಗವಿಲ್ಲದೆ ಉಂಡವಳು ಎಂದು ತವರಿನಲ್ಲಿ ಹೆಸರಾಗುತ್ತದೆಂದು ಹೆದರಿದೆ. ಅಣ್ಣ ಇಂದು ಗುರುಗಳನ್ನು ತರುತ್ತಾನೆ, ನಾಳೆ ತರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ಬಹಳ ಸುಲಭ.

ನಾಲ್ಕನೆಯ ದಿನ ಇಳಿಹೊತ್ತಿನಲ್ಲಿ ರಸ್ತೆಯಿಂದ ಕೂಗು ಕೇಳಿಸಿತು. ಫೌಜು ಬಂತು, ನಿಜಾಮ ಶರಣಾದ ಎಂದು ಜನ ಓಡುತ್ತಿದ್ದರು. ನಾನು ಅತ್ತೆಯ ಕಿವಿಯಲ್ಲಿ ಹೇಳಿದೆ. "ಅತ್ತಿ, ದಾರಿ ತೆರೀತ್ರಿ. ಅಯ್ಯನೋರು ಬರ್ತಾರ. ನಿಮ್ಮ ಮಗ ಬರ್ತಾರ." ಅವರು ಕಣ್ಣು ತೆರೆದು ನನ್ನ ಕಡೆ ನೋಡಿ ತುಟಿ ಅಲ್ಲಾಡಿಸಿದರು. ಬಗ್ಗಿ ಕೇಳಿದೆ. "ಉಂಡೀಯೇನ್?" ಎಂದರು. ಉಂಡೆನೆಂದೆ. ಹೊತ್ತು ಮುಳುಗುವ ಮುಂಚೆ ತೀರಿಕೊಂಡರು. ಹೊರಗೆ ಪಟಾಕಿಯೋ ಗುಂಡೋ ಸದ್ದಾಗುತ್ತಿತ್ತು.

ಆಮೇಲಿನದನ್ನು ಬೇಗ ಹೇಳುತ್ತೇನೆ. ನಮ್ಮವರು ಹತ್ತು ದಿನದ ಮೇಲೆ ಬಂದರು. ತಾಯಿಯ ಸುದ್ದಿ ಕೇಳಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ; ಅಂದಿದ್ದರೆ ಚೆನ್ನಾಗಿತ್ತು. ರೈಲು ಶುರುವಾದಾಗ ಔಷಧಕ್ಕೆ ಬೀದರಕ್ಕೆ ಹೋದೆ. ಕಂಪೌಂಡರರ ಮೇಜಿನ ಹಿಂದೆ ಬೇರೆಯವರು ಕೂತಿದ್ದರು. ಇಸ್ಮಾಯಿಲ್ ಸಾಹೇಬರೆಲ್ಲಿ ಎಂದು ಕೇಳಿದರೆ ಅವರು ತಲೆ ತಗ್ಗಿಸಿದರು. ಫೌಜು ಬಂದ ಮೇಲಿನ ದಿನಗಳಲ್ಲಿ ಸಾಹೇಬರ ಮಂದಿಗೆ ನಮ್ಮ ಸೀಮೆಯಲ್ಲಿ ಏನಾಯಿತೆಂದು ಬಲ್ಲವರು ಬಲ್ಲರು. ನಮ್ಮ ಮಂದಿ ಅದರ ಮಾತೆತ್ತುವುದಿಲ್ಲ. ಹೊಸಬರು ಕೊಟ್ಟ ಶೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗಿನ ಕಲ್ಲುಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ. ನನ್ನ ಜೀವ ಉಳಿಸಿದವರಿಬ್ಬರೂ ಒಂದೇ ತಿಂಗಳಲ್ಲಿ ಹೋಗಿದ್ದರು. ನನ್ನ ಸಕ್ಕರೆ ಮಾತ್ರ ಎಲ್ಲಿಯೂ ಹೋಗಲಿಲ್ಲ. ಅದು ಇದೆ, ನಾನೂ ಇದ್ದೇನೆ. ಕಣ್ಣು ಮಂಜಾಗಿದೆ, ಕಾಲಿನ ಎರಡು ಬೆರಳು ತೆಗೆದಿದ್ದಾರೆ. ಸೂಜಿ ಹಾಕಿಕೊಳ್ಳುವ ಮಗಳೇ, ನೀನೂ ಇರುತ್ತೀ. ಹೆದರಬೇಡ. ಆದರೆ ಹೊತ್ತಿಗೆ ಸರಿಯಾಗಿ ತಿನ್ನು, ಯಾರು ಏನೇ ಅನ್ನಲಿ.

ಇನ್ನು ಅತ್ತೆಯನ್ನು ಮಣ್ಣು ಮಾಡಿದ ದಿನದ್ದು. ಅವರನ್ನು ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಕೂರಿಸಿದ್ದರು. ಲಿಂಗವಂತರನ್ನು ಸಮಾಧಿಗೆ ಇಳಿಸುವಾಗ ಅಂಗೈಯಲ್ಲಿ ಅವರ ಲಿಂಗ ಇರಬೇಕು. ಅವರ ಅಂಗೈ ಖಾಲಿ. ಹೆಂಗಸರು ಗುಸುಗುಸು ಮಾತಾಡಿಕೊಳ್ಳುತ್ತಿದ್ದರು. ನಾನು ಎದ್ದು, ಕೊರಳಿನಿಂದ ಲಿಂಗ ಬಿಚ್ಚಿ, ಅವರ ಎಡಗೈಯಲ್ಲಿಟ್ಟು ಬೆರಳು ಮಡಚಿದೆ.

ಅಣ್ಣ ಓಡಿಬಂದು ನನ್ನ ರಟ್ಟೆ ಹಿಡಿದ. "ಹುಚ್ಚಿ, ಇದನ್ನೂ ಕೊಟ್ಟಿ ಅಂದ್ರ ನಾಳಿ ಏನ್ ಮಾಡ್ತಿ?"

"ರೊಟ್ಟಿ ತಿಂತೇನಿ" ಎಂದೆ. ಎಲ್ಲರಿಗೂ ಕೇಳಿಸುವಂತೆಯೇ ಎಂದೆ.

ಮರುದಿನ ಮುಂಜಾನೆ ಮಿಂದು ಬಂದು ಕೂತೆ. ಸೂಜಿ ಚುಚ್ಚಿಕೊಂಡೆ. ಅವ್ವ ಜೋಳದ ರೊಟ್ಟಿ ತಂದಿಟ್ಟು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಗಂಟಲಲ್ಲಿ ಇಳಿಯಲಾರದು, ವಾಂತಿಯಾಗುತ್ತದೆ, ಏನಾದರೊಂದು ಆಗಿಯೇ ತೀರುತ್ತದೆ ಎಂದುಕೊಂಡು ರೊಟ್ಟಿ ಮುರಿದು ಬಾಯಿಗಿಟ್ಟೆ. ಏನೂ ಆಗಲಿಲ್ಲ. ತುತ್ತು ಸಲೀಸಾಗಿ ಇಳಿಯಿತು. ನಾಲ್ಕು ದಿನ ಮೊದಲೂ ಅದು ಹೀಗೆಯೇ ಇಳಿಯುತ್ತಿತ್ತು.